ಆಚೆ ಎಸೆದ ಎಕ್ಸ್‌ರೇ

ಚಿಕ್ಕ ಮಕ್ಕಳ ಎದೆಯ ಎಕ್ಸ್‌ರೇ ತೆಗೆಯುವಾಗ ನಾನು ಮುಖ ನೋಡುವುದಿಲ್ಲ, ಹೊಟ್ಟೆ ನೋಡುತ್ತೇನೆ. ದೊಡ್ಡವರಿಗಾದರೆ ಉಸಿರು ಎಳೆದು ಹಿಡಿದುಕೊಳ್ಳಿ ಎಂದು ಹೇಳಿ ಗುಂಡಿ ಒತ್ತಬಹುದು. ಎರಡು ವರ್ಷ ತುಂಬದ ಕೂಸಿಗೆ ಏನು ಹೇಳುತ್ತೀರಿ? ಅದು ಅಳುತ್ತಿರುತ್ತದೆ. ಅತ್ತು ಅತ್ತು ಉಸಿರು ಖಾಲಿಯಾಗಿ, ಮತ್ತೆ ಅಳುವುದಕ್ಕೆಂದು ಒಮ್ಮೆ ಉದ್ದಕ್ಕೆ ಎಳೆದುಕೊಳ್ಳುತ್ತದಲ್ಲ, ಆಗ ಹೊಟ್ಟೆ ಉಬ್ಬುತ್ತದೆ. ಆ ಗಳಿಗೆಗೆ ಸರಿಯಾಗಿ ಗುಂಡಿ ಒತ್ತಬೇಕು. ಶ್ವಾಸಕೋಶ ಪೂರ್ತಿ ಅರಳಿದ, ಪಕ್ಕೆಲುಬು ಎಣಿಸಲು ಬರುವ ಚಿತ್ರ ಸಿಕ್ಕರೆ ಅದು ಒಳ್ಳೆಯ ಫಿಲ್ಮು. ಆ ಗಳಿಗೆ ಹಿಡಿಯುವುದರಲ್ಲಿ ನನಗೆ ಸ್ವಲ್ಪ ಜಂಬವೇ ಇತ್ತು. ಆ ಜಂಬ ಇಳಿದುಹೋದ ಮೂರು ವಾರದ ಸಂಗತಿ ಇದು.

ನಾನು ಇರುವುದು ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ. ಕೆಲಸ ಹರಿಹರದ ಒಂದು ಮಕ್ಕಳ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ. ಆ ಸೋಮವಾರ ಬಸ್ಸು ಕೈಕೊಟ್ಟು ನಾನು ಹೋಗುವಷ್ಟರಲ್ಲಿ ಬಾಗಿಲ ಮುಂದೆ ಏಳೆಂಟು ಜನ ನಿಂತಿದ್ದರು. ಬೀಗ ತೆಗೆಯಲೂ ಬಿಡದೆ ಚೀಟಿ ಚಾಚಿದರು. ಮೂರನೆಯ ಚೀಟಿ ಕಡರನಾಯಕನಹಳ್ಳಿಯ ಒಂದು ಹೆಣ್ಣು ಕೂಸಿನದು. ವಯಸ್ಸು ಒಂದು ವರ್ಷ ಹತ್ತು ತಿಂಗಳು. ನಾಲ್ಕು ದಿನದಿಂದ ಕೆಮ್ಮು, ಉಸಿರಾಡುವಾಗ ಸುಯ್ಯೆಂಬ ಸದ್ದು. ಜೊತೆಗೆ ತಾಯಿ ಮತ್ತು ಅಜ್ಜಿ. ಅಜ್ಜಿ ಎಂದರೆ ಮಗುವಿನ ಅಪ್ಪನ ತಾಯಿ. ಅಪ್ಪ ಭತ್ತ ಕೊಯ್ಯುವ ಮಷೀನು ಓಡಿಸುವವನು, ಸುಗ್ಗಿಗೆಂದು ರಾಯಚೂರು ಕಡೆ ಹೋಗಿದ್ದನಂತೆ.

ಇಬ್ಬರಿಗೂ ಸೀಸದ ಏಪ್ರನ್ ಹಾಕಿಸಿದೆ. ಕೂಸಿನ ಎರಡೂ ಕೈ ಕಿವಿಗೆ ಒತ್ತಿ ಮೇಲೆತ್ತಿ ಹಿಡಿಯಿರಿ ಎಂದು ಅಜ್ಜಿಗೆ ಹೇಳಿದೆ, ಮೊಣಕಾಲು ತಾಯಿಗೆ. ಮಗು ಕಿರುಚಿ ಗೋಳಾಡಿತು. ನಾನು ಹೊಟ್ಟೆ ನೋಡುತ್ತ ಕಾದೆ, ಒತ್ತಿದೆ. ಒತ್ತುವ ಹೊತ್ತಿಗೇ ಅದು ಮತ್ತೆ ಚೀರಿ ಉಸಿರೆಲ್ಲ ಹೊರಹಾಕಿಬಿಟ್ಟಿತು. ಒಂದು ನಿಮಿಷದಲ್ಲಿ ಚಿತ್ರ ಪರದೆಗೆ ಬಂತು. ಎಂಥದೋ ಸೊಟ್ಟ ಚಿತ್ರ. ಬಲಗಡೆ ಕಪ್ಪಗೆ ಅಗಲವಾಗಿತ್ತು, ಎಡಗಡೆ ಮುದುಡಿ ಬೆಳ್ಳಗಾಗಿತ್ತು, ಹೃದಯ ಎಡಕ್ಕೆ ಸರಿದ ಹಾಗಿತ್ತು. ಮಗು ಒಂದು ಮಗ್ಗುಲಿಗೆ ತಿರುಗಿದರೂ ಹೀಗೆ ಒಂದು ಕಡೆ ಕಪ್ಪು ಹೆಚ್ಚು ಕಾಣುತ್ತದೆ. ಅಜ್ಜಿ ಕೈ ಎಳೆದಿರಬೇಕು ಎಂದುಕೊಂಡೆ. ಅಜ್ಜಿಗೆ ಎರಡು ಮಾತು ಬೈದೆ ಕೂಡ. ನೀವು ಹೀಗೆ ಜಗ್ಗಾಡಿದರೆ ಇನ್ನೊಂದು ಸಲ ಕೂಸಿಗೆ ಕಿರಣ ಬಿಡಬೇಕಾಗುತ್ತದೆ, ತಿಳಿಯುವುದಿಲ್ಲವೇ ಎಂದೆ. ಅವರು ತಪ್ಪಾಯ್ತವ್ವ ಎಂದರು.

ನಮ್ಮ ಯಂತ್ರದಲ್ಲಿ ಕೆಟ್ಟ ಚಿತ್ರವನ್ನು ರಿಜೆಕ್ಟ್ ಮಾಡಲು ಒಂದು ಗುಂಡಿ ಇದೆ. ಒತ್ತಿದರೆ ಕಾರಣ ಕೇಳುತ್ತದೆ. ರೋಗಿ ಅಲುಗಾಡಿದ್ದು ಎಂದು ಆರಿಸಿದೆ, ಚಿತ್ರ ಮರೆಯಾಯಿತು. ಎರಡನೆಯ ಸಲಕ್ಕೆ ಉಬ್ಬಿದ ಹೊಟ್ಟೆಗೇ ಸರಿಯಾಗಿ ಒತ್ತಿದೆ. ಎರಡೂ ಕಡೆ ಸಮನಾಗಿ ಅರಳಿದ, ಪಠ್ಯಪುಸ್ತಕದಲ್ಲಿ ಹಾಕಬಹುದಾದ ಫಿಲ್ಮು. ಅದನ್ನೇ ಡಾಕ್ಟರಿಗೆ ಕಳಿಸಿದೆ. ಎದೆ ಕ್ಲೀನಾಗಿದೆ ಎಂದು ಅವರು ಮೂಗಿಗೆ ಹೊಗೆಯಂತೆ ಕೊಡುವ ಔಷಧಿ ಬರೆದು ಕಳಿಸಿದರು. ಏನಾದರೂ ನುಂಗಿತ್ತೇ ಎಂದು ಅವರು ಕೇಳಿದ್ದು, ತಾಯಿ ಇಲ್ಲ ಎಂದದ್ದು ಅವತ್ತಿನ ಚೀಟಿಯಲ್ಲಿತ್ತು.

ಒಂಬತ್ತು ದಿನ ಬಿಟ್ಟು ಅದೇ ಮೂವರು ಮತ್ತೆ ಬಂದರು. ಈ ಸಲ ಜ್ವರವೂ ಇತ್ತು. ಫಿಲ್ಮಿನಲ್ಲಿ ಬಲಗಡೆ ಕೆಳಗೆ ಬೆಳ್ಳನೆಯ ಮಬ್ಬು. ನಿಮೋನಿಯಾ ಎಂದು ಡಾಕ್ಟರು ಸೇರಿಸಿಕೊಂಡು ಐದು ದಿನ ಇಂಜೆಕ್ಷನ್ ಕೊಟ್ಟರು. ಜ್ವರ ಬಿಟ್ಟಿತು, ಮಗು ನಕ್ಕಿತು, ಮನೆಗೆ ಹೋಯಿತು. ಹೋಗುವಾಗ ತಾಯಿ ನನ್ನ ಕೋಣೆಗೂ ಬಂದು ಹೇಳಿ ಹೋದಳು. ಒಳ್ಳೆಯದಾಗಲಿ ಎಂದೆ. ಅಲ್ಲಿಗೆ ಮುಗಿಯಿತು ಎಂದೇ ನಾನೂ ತಿಳಿದೆ.

ಮುಗಿದಿರಲಿಲ್ಲ. ಮುಂದಿನ ಸೋಮವಾರ ಒಂಬತ್ತು ಗಂಟೆಗೇ ಅವರು ನನ್ನ ಬಾಗಿಲಲ್ಲಿದ್ದರು. ಕೂಸು ಅಳುತ್ತಿರಲಿಲ್ಲ, ಅದೇ ನನಗೆ ಹೆದರಿಕೆ ತರಿಸಿತು. ಅಳಲು ಶಕ್ತಿ ಇರಲಿಲ್ಲ. ಪಕ್ಕೆ ಒಳಕ್ಕೆ ಎಳೆದುಕೊಂಡು ಬಿರಬಿರನೆ ಉಸಿರಾಡುತ್ತಿತ್ತು. ಫಿಲ್ಮಿನಲ್ಲಿ ಅದೇ ಬಲಗಡೆ, ಅದೇ ಕೆಳಗೆ, ಮೊದಲಿಗಿಂತ ದಟ್ಟ ಬಿಳುಪು. ಡಾಕ್ಟರು ನೋಡಿ ತುಟಿ ಕಚ್ಚಿಕೊಂಡರು. ಮನೆಯಲ್ಲಿ ಬಹಳ ದಿನದಿಂದ ಕೆಮ್ಮುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಟಿ.ಬಿ. ಇರಬಹುದೇ ನೋಡೋಣ, ತೋಳಿಗೆ ಚುಚ್ಚಿ ಎರಡು ದಿನ ಕಾಯೋಣ ಎಂದರು.

ತಾಯಿ ಮಗುವಿನ ಬಟ್ಟೆ ತೆಗೆದುಕೊಳ್ಳಲು ನನ್ನ ಕೋಣೆಗೆ ಬಂದವಳು ಅಲ್ಲೇ ಗೋಡೆಗೆ ಆನಿಕೊಂಡು ಅಳತೊಡಗಿದಳು.

“ಅಕ್ಕಾರೆ, ಟಿ.ಬಿ. ಅಂದ್ರೆ ಆರು ತಿಂಗಳು ಗುಳಿಗೆ ನುಂಗಿಸ್ಬೇಕಂತೆ. ಇಷ್ಟು ಸಣ್ಣ ಕೂಸಿಗೆ ಹೆಂಗೆ ನುಂಗಿಸ್ಲಿ? ಇಷ್ಟಾಗಿ ಯಾರಿಂದ ಬಂತು ಅಂತ ಊರಾಗ ಕೇಳ್ತಾರೆ. ಏನು ಹೇಳ್ಲಿ?”

ಕೂಡ್ರಿ ಎಂದು ಸ್ಟೂಲು ಸರಿಸಿದೆ. ಕೈಗೆ ಏನಾದರೂ ಕೆಲಸ ಬೇಕಿತ್ತು, ಆ ಮಗುವಿನ ಮೂರೂ ಫಿಲ್ಮು ಪರದೆಯ ಮೇಲೆ ಒಂದರ ಪಕ್ಕ ಒಂದಿಟ್ಟೆ. ಎರಡು ಸಲವೂ ರೋಗ ಒಂದೇ ಜಾಗದಲ್ಲಿ. ಇಂಜೆಕ್ಷನ್‌ಗೆ ಕಡಿಮೆಯಾಗಿ ಮತ್ತೆ ಅಲ್ಲೇ ಎದ್ದಿದೆ. ಅಂದರೆ ಅಲ್ಲಿ ಏನೋ ಕೂತಿದೆ. ಆದರೆ ಮೊದಲ ದಿನದ ಫಿಲ್ಮು ಸ್ವಚ್ಛವಾಗಿತ್ತಲ್ಲ ಎಂದುಕೊಂಡೆ. ಹಾಗೆಂದುಕೊಂಡ ಮರುಕ್ಷಣವೇ ನೆನಪಾಯಿತು. ಮೊದಲ ದಿನ ನಾನು ತೆಗೆದದ್ದು ಒಂದು ಫಿಲ್ಮಲ್ಲ, ಎರಡು.

ರಿಜೆಕ್ಟ್ ಮಾಡಿದ್ದು ಒಡನೆಯೇ ಅಳಿಸಿಹೋಗುವುದಿಲ್ಲ. ಒಂದು ಕಡೆ ಬಿದ್ದಿರುತ್ತದೆ, ಜಾಗ ತುಂಬಿದಾಗ ಕಂಪನಿಯ ಇಂಜಿನಿಯರ್ ಬಂದು ಖಾಲಿ ಮಾಡುತ್ತಾನೆ. ಪುಣ್ಯಕ್ಕೆ ಆ ತಿಂಗಳು ಅವನು ಬಂದಿರಲಿಲ್ಲ. ಹುಡುಕಿ ತೆರೆದೆ. ಮೊದಲು ನೋಡಿದ್ದು ಕೊರಳೆಲುಬು. ಎಡಬಲ ಎರಡರ ಒಳತುದಿಯೂ ಬೆನ್ನೆಲುಬಿನಿಂದ ಸಮ ದೂರದಲ್ಲಿದ್ದರೆ ಮಗು ತಿರುಗಿಲ್ಲ ಎಂದರ್ಥ. ಇದು ನನ್ನ ಕಸುಬಿನ ಮೊದಲ ಪಾಠ. ಅವತ್ತು ಅವಸರದಲ್ಲಿ ನೋಡಿರಲಿಲ್ಲ. ಈಗ ನೋಡಿದೆ, ಎರಡೂ ಸಮ. ಅಜ್ಜಿ ಜಗ್ಗಿರಲೇ ಇಲ್ಲ.

ಹಾಗಾದರೆ ಆ ಕಪ್ಪು? ಉಸಿರು ಬಿಟ್ಟಾಗ ಎರಡೂ ಶ್ವಾಸಕೋಶ ಕುಗ್ಗಬೇಕು, ಬೆಳ್ಳಗಾಗಬೇಕು. ಎಡಗಡೆ ಕುಗ್ಗಿದೆ. ಬಲಗಡೆ ಕುಗ್ಗಿಲ್ಲ, ಗಾಳಿ ಒಳಗೇ ಉಳಿದು ಹೃದಯವನ್ನು ಆಚೆ ತಳ್ಳಿದೆ. ಸೈಕಲ್ ಟ್ಯೂಬಿನ ವಾಲ್ವಿನ ಹಾಗೆ, ಗಾಳಿ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಉಸಿರಿನ ಕೊಳವೆಯಲ್ಲಿ ಕಾಳೋ ಬೀಜವೋ ಸಿಕ್ಕಿಕೊಂಡರೆ ಹೀಗಾಗುತ್ತದೆ. ಕಾಳು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಉಸಿರು ಎಳೆದಾಗ ತೆಗೆದರೆ ಎರಡೂ ಕಡೆ ಅರಳಿ ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ. ನನ್ನ ಆ ಚೆಂದದ ಫಿಲ್ಮು ಡಾಕ್ಟರಿಗೆ ಸುಳ್ಳು ಹೇಳಿತ್ತು. ನಿಜ ಹೇಳಿದ್ದನ್ನು ನಾನು ಕೆಟ್ಟದ್ದೆಂದು ಆಚೆ ಎಸೆದಿದ್ದೆ.

ಆಮೇಲೆ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಹಳೆಯ ಫಿಲ್ಮು ತೋರಿಸದೆ ಕೆಲಸ ಆಗುತ್ತದೆಯೇ ಎಂದು ನೋಡಿದೆ. ಡಾಕ್ಟರ ಹತ್ತಿರ ಹೋಗಿ, ಸರ್, ಉಸಿರು ಬಿಟ್ಟಾಗ ಒಂದು ತೆಗೆಯಲೇ, ಏನಾದರೂ ಸಿಕ್ಕಿಕೊಂಡಿರಬಹುದು ಎಂದೆ, ಈಗ ತಾನೇ ಹೊಳೆದವಳಂತೆ. ಅವರ ಮುಂದೆ ಇಪ್ಪತ್ತು ಮಕ್ಕಳಿದ್ದವು. ತಿಂದ ಹಿಸ್ಟರಿಯೇ ಇಲ್ಲ, ಕೂಸಿಗೆ ಇನ್ನಷ್ಟು ರೇಡಿಯೇಷನ್ ಯಾಕೆ ಎಂದು ತಲೆಯೆತ್ತದೆ ಹೇಳಿದರು. ಅವರ ಮಾತು ತಪ್ಪಲ್ಲ. ಚೀಟಿ ಇಲ್ಲದೆ ನಾನು ಒಂದು ಫಿಲ್ಮೂ ತೆಗೆಯುವ ಹಾಗಿಲ್ಲ.

ಬಾಗಿಲ ತನಕ ಬಂದೆ. ಕಾರಿಡಾರಿನ ಬೆಂಚಿನ ಮೇಲೆ ಕೂಸು ಅಮ್ಮನ ಹೆಗಲಿಗೆ ಬಾಯಿ ತೆರೆದು ಒರಗಿತ್ತು. ಅದರ ಪಕ್ಕೆ ಒಳಸೇರುವುದನ್ನು ನೋಡಿದ ಮೇಲೆ ನನ್ನ ಮರ್ಯಾದೆ ಹಾಳಾಗಿ ಹೋಗಲಿ ಅನ್ನಿಸಿತು. ವಾಪಸ್ ಹೋಗಿ, ಸರ್, ಎರಡು ನಿಮಿಷ ನನ್ನ ಕೋಣೆಗೆ ಬರಲೇಬೇಕು ಎಂದೆ. ದನಿ ಜೋರಾಗಿತ್ತೇನೋ, ಅವರು ಎದ್ದು ಬಂದರು.

ಪರದೆ ನೋಡಿದರು. ಎಡ ಬಲ ಎರಡಕ್ಕೂ ಬೆರಳಿಟ್ಟು ಹೋಲಿಸಿದರು.

“ಇದು ಯಾವತ್ತಿಂದು?”

“ಮೊದಲನೇ ದಿನದ್ದು ಸರ್.”

“ನನಗ್ಯಾಕ ಬರ್ಲಿಲ್ಲ?”

“ರಿಜೆಕ್ಟ್ ಮಾಡಿದ್ದೆ ಸರ್. ಕೂಸು ತಿರುಗೈತೆ ಅನ್ಕೊಂಡೆ. ನನ್ನ ತಪ್ಪು.”

ಬೈದಿದ್ದರೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ. ಚೀಟಿಯ ಮೇಲೆ ಬರೆದು ಕೊಟ್ಟರು, ಎರಡೂ ಮಗ್ಗುಲಲ್ಲಿ ಮಲಗಿಸಿ ಒಂದೊಂದು ತೆಗೆಯಿರಿ ಎಂದು. ನಮ್ಮ ಮೈಯ ಭಾರಕ್ಕೆ ಕೆಳಗಾದ ಕಡೆಯ ಶ್ವಾಸಕೋಶ ತಾನಾಗಿಯೇ ಕುಗ್ಗಬೇಕು. ಮೊದಲು ಎಡಮಗ್ಗುಲಿಗೆ ಮಲಗಿಸಿದೆ. ಎಡಗಡೆ ಕುಗ್ಗಿತು, ಸರಿ. ಬಲಮಗ್ಗುಲಿಗೆ ಮಲಗಿಸಿದೆ. ಬುಡದಲ್ಲಿ ಬಿಳುಪು, ಅದರ ಮೇಲೆ ಕರಿಹಲಗೆಯ ಹಾಗೆ ಅದೇ ಕಪ್ಪು. ಕೆಳಗೆ ಬಿದ್ದರೂ ಕುಗ್ಗಿರಲಿಲ್ಲ.

ಡಾಕ್ಟರು ಅಲ್ಲೇ ನಿಂತು ದಾವಣಗೆರೆಯ ದೊಡ್ಡ ಆಸ್ಪತ್ರೆಯ ಕಿವಿ-ಮೂಗು-ಗಂಟಲು ಸರ್ಜನ್‌ಗೆ ಫೋನ್ ಮಾಡಿದರು. ಕಳಿಸಿ, ಥಿಯೇಟರ್ ರೆಡಿ ಇಡುತ್ತೇವೆ ಎಂಬ ಉತ್ತರ ಬಂತು. ಆಮೇಲೆ ತಾಯಿಗೆ, ಅಜ್ಜಿಗೆ ವಿವರಿಸಿದರು. ಮಗುವಿಗೆ ಪೂರ್ತಿ ಅರಿವಳಿಕೆ ಕೊಟ್ಟು, ಬಾಯಿಯಿಂದ ಉಸಿರಿನ ಕೊಳವೆಯೊಳಗೆ ಸಣ್ಣ ನಳಿಕೆ ಇಳಿಸಿ, ಒಳಗಿರುವುದನ್ನು ಚಿಮುಟದಿಂದ ಹಿಡಿದು ತೆಗೆಯಬೇಕು. ತಡಮಾಡಿದರೆ ಅದು ಕೆಮ್ಮಿನ ಜೊತೆ ಮೇಲೆ ಬಂದು ಮುಖ್ಯ ಕೊಳವೆಗೇ ಅಡ್ಡವಾಗಬಹುದು, ಆಗ ನಮ್ಮ ಕೈಲಿ ಏನೂ ಇರುವುದಿಲ್ಲ ಎಂದರು.

ತಾಯಿ ಹೌಹಾರಿದಳು. ತನ್ನ ಮಗಳು ಏನೂ ನುಂಗಿಲ್ಲ, ಮನೆಯಲ್ಲಿ ಗುಂಡಿ ಪಿನ್ನು ಏನೂ ಕೈಗೆ ಸಿಗದ ಹಾಗೆ ಇಟ್ಟಿದ್ದೇನೆ ಎಂದು ಆಣೆ ಮಾಡಿದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ. ಅಜ್ಜಿ ಮಾತ್ರ ಕಡ್ಡಿ ಮುರಿದಂತೆ ಬ್ಯಾಡ ಎಂದುಬಿಟ್ಟರು. ಕೆಮ್ಮು ಎಂದು ಬಂದರೆ ಆಪರೇಷನ್ ಎನ್ನುತ್ತೀರಿ, ಇಷ್ಟು ಎಳೇ ಕೂಸು ಅರಿವಳಿಕೆಯಿಂದ ಏಳದಿದ್ದರೆ ಯಾರು ಹೊಣೆ ಎಂದರು. ರಾಯಚೂರು ಕಡೆಗೆ ಫೋನ್ ಹಚ್ಚಿದರು. ಮಗ ಅವ್ವ ಹೇಳಿದ ಹಾಗೆ ಮಾಡಿ ಎಂದನಂತೆ. ಅಲ್ಲಿಗೆ ಆ ಮಗುವಿನ ಉಸಿರು ಅಜ್ಜಿಯ ಒಂದು ಮಾತಿಗೆ ಬಂದು ನಿಂತಿತು. ಅವರು ಚೀಲ ಹೆಗಲಿಗೇರಿಸಿ, ಊರಿಗೆ ಹೋಗಿ ನಾಳೆ ನೋಡೋಣ, ನಡಿ ಎಂದು ಸೊಸೆಗೆ ಹೇಳಿದರು. ತಾಯಿ ಏನೂ ತೋಚದೆ ಅಲ್ಲೇ ಕೂತು ಮಗುವಿಗೆ ಎದೆಹಾಲು ಕೊಡತೊಡಗಿದಳು. ಅರಿವಳಿಕೆಗೆ ಹೋಗುವ ಮಗುವಿಗೆ ಹಾಲು ಕೊಡಬಾರದು. ಅದನ್ನು ನೋಡಿಯೂ ನಾವು ಯಾರೂ ತಡೆಯಲಿಲ್ಲ, ಹೋಗುವುದೇ ಖಾತ್ರಿ ಇಲ್ಲದಿರುವಾಗ ತಡೆಯುವುದು ಹೇಗೆ? ಗಡಿಯಾರದಲ್ಲಿ ಹತ್ತೂಮುಕ್ಕಾಲು ಆಗಿತ್ತು.

ಮಗುವಿನ ಹಾಲು ಮುಗಿದ ಕೂಡಲೇ ಅತ್ತೆ ಸೊಸೆ ಇಬ್ಬರನ್ನೂ ನನ್ನ ಕೋಣೆಗೆ ಕರೆದು ಬಾಗಿಲು ಹಾಕಿದೆ. ಎರಡು ಚಿತ್ರ ಪಕ್ಕಪಕ್ಕ ಇಟ್ಟೆ. ಇದು ಡಾಕ್ಟರು ನೋಡಿದ್ದು, ಇದು ಅದಕ್ಕೂ ಮೊದಲು ನಾನು ತೆಗೆದದ್ದು ಎಂದು ತೋರಿಸಿದೆ. ಎಡಗಡೆ ಉಸಿರು ಹೊರಗೆ ಹೋಗಿದೆ, ಬಲಗಡೆ ಹೋಗಿಲ್ಲ, ನಿಮ್ಮ ಕಣ್ಣಿಗೂ ಕಾಣುತ್ತದಲ್ಲ ಎಂದೆ. ಆಮೇಲೆ ಅಜ್ಜಿಯ ಕಡೆ ತಿರುಗಿದೆ.

“ಅಜ್ಜಿ, ಅವತ್ತು ನೀವು ಜಗ್ಗಿದ್ರಿ ಅಂತ ಬೈದೆ. ನೀವು ಜಗ್ಗಿರ್ಲಿಲ್ಲ. ನಾನೇ ಸರಿಯಾಗಿ ನೋಡ್ಲಿಲ್ಲ. ನೋಡಿದ್ರೆ ಅವತ್ತೇ ಗೊತ್ತಾಗ್ತಿತ್ತು. ಇಷ್ಟು ದಿನ ಈ ಕೂಸು ಒದ್ದಾಡಿದ್ದು ನನ್ನಿಂದ. ಆ ತಪ್ಪು ನಂದು, ನಾನು ಹೊತ್ಕೊಳ್ತೀನಿ. ಕರ್ಕೊಂಡು ಹೋಗೋದು ಮಾತ್ರ ನಿಲ್ಲಿಸ್ಬ್ಯಾಡ್ರಿ.”

ಅಜ್ಜಿ ಪರದೆಯನ್ನೇ ನೋಡುತ್ತಿದ್ದರು. ಆಮೇಲೆ ನಿಂತಲ್ಲೇ ನೆಲಕ್ಕೆ ಕುಸಿದು ಕೂತರು. ಹೇಳುವಾಗ ಸೊಸೆಯ ಮುಖ ನೋಡಲಿಲ್ಲ, ನನಗೇ ಹೇಳಿದರು.

“ನಿನ್ನೊಬ್ಬಳ್ದೇ ಅಲ್ಲವ್ವ. ಬಾತಿಯಾಗ, ನನ್ನ ಮಗಳ ಗಂಡನ ಮನ್ಯಾಗ, ಅವಳ ಕೂಸಿನ್ನ ತೊಟ್ಟಿಲಿಗೆ ಹಾಕೋ ಕಾರ್ಯ ಇತ್ತು. ಇವಳು ನನ್ನ ತೊಡೆ ಮ್ಯಾಲೆ ಕುಂತು ಬೇಯಿಸಿದ ಕಡ್ಲೆ ಗುಗ್ಗರಿ ತಿಂತಿದ್ಲು. ಹೆಸರು ಕರೆಯೋ ಹೊತ್ನಾಗ ಎಲ್ಲರೂ ಶಾಸ್ತ್ರಕ್ಕಂತ ಸೋದರತ್ತೆ ಬೆನ್ನಿಗೆ ಗುದ್ದಿ ನಗ್ತಿದ್ರು. ಇವಳೂ ಬಾಯ್ತುಂಬ ಇಟ್ಕೊಂಡು ನಕ್ಕಳು, ನೆತ್ತಿಗೆ ಹತ್ತಿತು. ಮುಖ ಕೆಂಪಗಾತು, ಕಣ್ಣು ಮ್ಯಾಲೆ ಹೋದ್ವು. ಯಾರೋ ನೆನೆಸ್ಕೊಂಡ್ರು ಅಂತ ತಲೆ ತಟ್ಟಿ ನೀರು ಕುಡಿಸ್ದೆ. ಸುಮ್ನಾದ್ಲು. ಆ ರಾತ್ರಿನೇ ಕೆಮ್ಮು ಹತ್ತಿತು.”

ಸೊಸೆ ಅವತ್ತು ಹಿತ್ತಲಲ್ಲಿ ಅಡುಗೆಯವರ ಜೊತೆ ಇದ್ದಳಂತೆ. ಅವಳಿಗೆ ಈ ಸಂಗತಿಯೇ ಗೊತ್ತಿರಲಿಲ್ಲ. ಮೂರು ವಾರದಿಂದ ಡಾಕ್ಟರು ಕೇಳಿದಾಗಲೆಲ್ಲ ಪಕ್ಕದಲ್ಲೇ ನಿಂತಿದ್ದಿರಲ್ಲ ಅತ್ತೆ, ಯಾಕೆ ಹೇಳಲಿಲ್ಲ ಎಂದಳು. ದನಿ ಏರಿಸಲಿಲ್ಲ, ಅದಕ್ಕೇ ಕೇಳುವುದು ಕಷ್ಟವಾಯಿತು.

“ನನ್ನ ಮಗಳಿಗೆ ಎರಡನೇದೂ ಹೆಣ್ಣು ಅಂತ ಬೀಗರು ಮೊದ್ಲೇ ಮುಖ ಸಿಂಡರಿಸ್ಯಾರೆ. ತೊಟ್ಟಿಲಿಗೆ ಹಾಕಿದ ದಿನಾನೇ ಹಿಂಗಾತು ಅಂದ್ರೆ ಆ ಕೂಸಿನ ಕಾಲ್ಗುಣ ಅಂತಾರೆ. ಸಾಯೋತನಕ ಅಂತಾರೆ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ಇದ್ದೆ. ಕಮ್ಮಿ ಆತಲ್ಲ ಅಂತ ಬಿಟ್ಟೆ. ಬಾಯಿ ಬರ್ಲಿಲ್ಲವ್ವ.”

ನನಗೆ ಆ ಮುದುಕಿಯ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವರು ಒಂದು ಕೂಸನ್ನು ಕಾಯಲು ಹೋಗಿ ಇನ್ನೊಂದನ್ನು ಅಪಾಯಕ್ಕೆ ತಳ್ಳಿದ್ದರು. ನಾನಾದರೋ ಒಂದು ಚೆಂದದ ಚಿತ್ರಕ್ಕಾಗಿ ತಳ್ಳಿದ್ದೆ. ಬೈಯುವ ಯೋಗ್ಯತೆ ನನಗೆಲ್ಲಿತ್ತು? ಅಜ್ಜಿ ಕಣ್ಣೊರೆಸಿಕೊಂಡು, ಎಲ್ಲಿ ಹೆಬ್ಬೆಟ್ಟು ಒತ್ತಬೇಕು ತೋರಿಸು ಎಂದರು.

ಆಂಬುಲೆನ್ಸಿನಲ್ಲಿ ನರ್ಸ್ ಜೊತೆ ನಾನೂ ಹತ್ತಿದೆ. ಫಿಲ್ಮುಗಳ ವಿಚಾರ ಸರ್ಜನ್ ಕೇಳಿದರೆ ಹೇಳುವವರು ಬೇಕಲ್ಲ. ಡಾಕ್ಟರು ಮೂರು ಮಾತು ಹೇಳಿ ಕಳಿಸಿದ್ದರು. ಮಗು ಅಮ್ಮನ ತೊಡೆಯ ಮೇಲೆ ನೆಟ್ಟಗೆ ಕೂತಿರಲಿ. ಅಳಿಸಬೇಡಿ. ಅದು ತಾನಾಗಿ ಕೆಮ್ಮುತ್ತಿರುವ ತನಕ ಯಾರೂ ಬೆನ್ನಿಗೆ ಗುದ್ದುವುದಾಗಲಿ ಬಾಯಿಗೆ ಬೆರಳು ಹಾಕುವುದಾಗಲಿ ಕೂಡದು. ಕೆಮ್ಮಿನ ಸದ್ದೇ ನಿಂತು ಉಸಿರು ಕಟ್ಟಿದರೆ ಮಾತ್ರ ನರ್ಸ್ ನೋಡಿಕೊಳ್ಳುತ್ತಾರೆ ಎಂದಿದ್ದರು.

ಹರಿಹರ ಬಿಡುವಾಗ ಮಗು ತಣ್ಣಗೇ ಇತ್ತು. ಬಾತಿ ಹತ್ತಿರ ಬಂದಾಗ ಎದುರಿಗೆ ಬಂದ ಟ್ರ್ಯಾಕ್ಟರ್ ತಪ್ಪಿಸಲು ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ಮಗು ಬೆಚ್ಚಿ ಅತ್ತಿತು, ಅಳು ಕೆಮ್ಮಾಯಿತು, ಕೆಮ್ಮು ನಿಲ್ಲಲೇ ಇಲ್ಲ. ತುಟಿಯ ಸುತ್ತ ನೀಲಿ ಬಂತು. ಬೆರಳಿಗೆ ಹಾಕಿದ್ದ ಯಂತ್ರದಲ್ಲಿ ಆಕ್ಸಿಜನ್ ತೊಂಬತ್ತಕ್ಕಿಂತ ಕೆಳಗೆ ಇಳಿಯಿತು, ಅದು ಕಿಯ್ಯೆಂದು ಕೂಗತೊಡಗಿತು. ಅಜ್ಜಿಯ ಕೈ ತಾನಾಗಿ ಮೇಲೆದ್ದು ಮಗುವಿನ ತಲೆ ತಟ್ಟಲು ಹೋಯಿತು. ನಾನು ಆ ಕೈಯನ್ನು ಹಿಡಿದು ನನ್ನ ತೊಡೆಯ ಮೇಲೆ ಒತ್ತಿಟ್ಟುಕೊಂಡೆ. ಮುದುಕಿಯ ಕೈಯಲ್ಲಿ ಎಷ್ಟು ಬಲ ಇತ್ತೆಂದರೆ ನನ್ನ ಬಳೆ ಒಡೆಯಿತು. ನರ್ಸ್ ಆಕ್ಸಿಜನ್ ಮಾಸ್ಕ್ ಮೂಗಿನ ಹತ್ತಿರ ಹಿಡಿದು, ಕೆಮ್ಮು ಪುಟ್ಟಿ, ಕೆಮ್ಮು ಎನ್ನುತ್ತಲೇ ಇದ್ದಳು. ತಾಯಿ ಕಣ್ಣು ಮುಚ್ಚಿ ಮಗುವನ್ನು ನೆಟ್ಟಗೆ ಹಿಡಿದಿದ್ದಳು, ಒಂದಿಷ್ಟೂ ಅಲುಗಾಡಲಿಲ್ಲ. ಕೊನೆಗೊಮ್ಮೆ ಒಂದು ಉದ್ದ ಉಸಿರು ಒಳಗೆ ಹೋಯಿತು. ಅಂಕಿ ಮೆಲ್ಲಗೆ ಮೇಲೇರಿತು. ಹೊರಗೆ ಬಾತಿ ಹಿಂದೆ ಹೋಗಿತ್ತು, ನಾವು ಯಾರೂ ಆ ಕಡೆ ನೋಡಲಿಲ್ಲ.

ದಾವಣಗೆರೆಯಲ್ಲಿ ಅರಿವಳಿಕೆ ಡಾಕ್ಟರ ಮೊದಲ ಪ್ರಶ್ನೆಯೇ ಕೊನೆಯ ಸಲ ಹಾಲು ಕುಡಿದದ್ದು ಎಷ್ಟು ಹೊತ್ತಿಗೆ ಎಂದು. ಹತ್ತೂಮುಕ್ಕಾಲಿಗೆ ಎಂದೆವು. ಹೊಟ್ಟೆಯ ಹಾಲು ಅರಿವಳಿಕೆಯಲ್ಲಿ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಇದ್ದ ಒಂದು ಪಕ್ಕವೂ ಹೋಗುತ್ತದೆ, ಎದೆಹಾಲಾದ್ದರಿಂದ ಕುಡಿದು ನಾಲ್ಕು ಗಂಟೆಯಾದರೂ ಆಗಬೇಕು ಎಂದರು. ಸರ್ಜನ್ ಥಿಯೇಟರಿನ ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು ಕೂತರು. ನಡುವೆ ಉಸಿರು ಕಟ್ಟಿದರೆ ಗಡಿಯಾರ ನೋಡುವುದಿಲ್ಲ, ಎತ್ತಿಕೊಂಡು ಒಳಗೆ ಹೋಗುತ್ತೇನೆ ಎಂದರು. ಮಗು ಹಾಲಿಗಾಗಿ ಅಮ್ಮನ ಸೆರಗು ಜಗ್ಗುತ್ತಿತ್ತು. ಕೊಡುವ ಹಾಗಿಲ್ಲ, ಅಳಿಸುವ ಹಾಗಿಲ್ಲ. ಅಜ್ಜಿ ತಮ್ಮ ಸೊಂಟದ ಬೀಗದ ಕೈ ಗೊಂಚಲು ಬಿಚ್ಚಿ ಕೊಟ್ಟರು. ನಾನು ಕಾರಿಡಾರಿನ ಉದ್ದಕ್ಕೂ ಕಿಟಕಿ ಎಣಿಸಿ ತೋರಿಸಿದೆ. ಅಷ್ಟು ಉದ್ದದ ಮಧ್ಯಾಹ್ನವನ್ನು ನಾನು ಕಂಡಿಲ್ಲ.

ಮೂರಕ್ಕೆ ಸ್ವಲ್ಪ ಮೊದಲು ಒಳಗೆ ಕರೆದುಕೊಂಡು ಹೋದರು. ನಲವತ್ತು ನಿಮಿಷದ ಮೇಲೆ ಸರ್ಜನ್ ಹೊರಗೆ ಬಂದರು. ಹತ್ತಿಬಟ್ಟೆಯ ತುಂಡಿನ ಮೇಲೆ ಅರ್ಧ ಕಡಲೆ. ಉಬ್ಬಿ, ಕಂದಿ, ಸುತ್ತ ಕೀವು ಮೆತ್ತಿಕೊಂಡಿತ್ತು. ಮಗು ಚೆನ್ನಾಗಿದೆ, ಇನ್ನೊಂದು ಗಂಟೆಯಲ್ಲಿ ಏಳುತ್ತದೆ, ಶ್ವಾಸಕೋಶ ತಾನಾಗಿ ಸರಿಹೋಗಬೇಕು ಎಂದರು. ಅಜ್ಜಿ ಎರಡೂ ಕೈ ಜೋಡಿಸಿದರು. ತಾಯಿ ಆ ಕಡಲೆಯನ್ನು ನೋಡಿದಳು, ಆಮೇಲೆ ನನ್ನನ್ನು.

“ಅಕ್ಕಾರೆ, ನೀವು ಆಚೆ ಒಗೆದ ಫೋಟೊದಾಗ ಇದು ಕಾಣ್ತಿತ್ತಾ?”

“ಇದು ಕಾಣಲ್ಲ. ಇದು ಮಾಡಿದ್ದು ಕಾಣ್ತಿತ್ತು.”

“ಹಂಗಾದ್ರೆ ಅವತ್ತೇ ತೆಗೀಬಹುದಿತ್ತು.”

“ತೆಗೀಬಹುದಿತ್ತು.”

ಅವಳು ತಲೆಯಾಡಿಸಿದಳು. ನೀವಿಬ್ಬರೂ ಇಲ್ಲೇ ಇರಿ, ಒಳಗೆ ನಾನೊಬ್ಬಳೇ ಹೋಗುತ್ತೇನೆ ಎಂದು ಹೇಳಿ ಹೋದಳು. ನಾನೂ ಅಜ್ಜಿಯೂ ಬೆಂಚಿನ ಮೇಲೆ ಪಕ್ಕಪಕ್ಕ ಕೂತೆವು. ಒಳಗಿನಿಂದ ಮಗು ಅಳುವುದು ಕೇಳಿಸಿದ ಮೇಲೆ ನಾನು ಎದ್ದು ನಡೆದುಕೊಂಡೇ ಮನೆಗೆ ಹೋದೆ. ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಮರುದಿನ ಡಾಕ್ಟರಿಗೆ ನಡೆದದ್ದನ್ನು ಬರೆದು ಕೊಟ್ಟೆ. ಅಂದಿನಿಂದ ಮಕ್ಕಳ ಎದೆಯ ಚಿತ್ರವನ್ನು ರಿಜೆಕ್ಟ್ ಮಾಡಬೇಕಾದರೆ ಕೊರಳೆಲುಬು ನೋಡುತ್ತೇನೆ, ಡಾಕ್ಟರಿಗೂ ತೋರಿಸುತ್ತೇನೆ. ಚೀಟಿ ಹಿಡಿದು ಬರುವ ಅಮ್ಮಂದಿರಿಗೆ, ಅದಕ್ಕಿಂತ ಹೆಚ್ಚಾಗಿ ಅಜ್ಜಿಯರಿಗೆ, ಏನಾದರೂ ನುಂಗಿತ್ತೇ ಎಂದಷ್ಟೇ ಕೇಳಿ ಬಿಡುವುದಿಲ್ಲ. ಕೆಮ್ಮು ಶುರುವಾಗುವ ಮೊದಲು ತಿನ್ನುವಾಗಲೋ ನಗುವಾಗಲೋ ಇದ್ದಕ್ಕಿದ್ದಂತೆ ನೆತ್ತಿಗೆ ಹತ್ತಿತ್ತೇ, ಆಮೇಲೆ ಸರಿಹೋಗಿದ್ದರೂ ಹೇಳಿ, ಯಾರ ತೊಡೆಯ ಮೇಲಿತ್ತು ಎಂದು ನಾನು ಕೇಳುವುದಿಲ್ಲ ಎನ್ನುತ್ತೇನೆ. ನಾಲ್ಕೈದು ವರ್ಷದ ತನಕ ಮಕ್ಕಳಿಗೆ ಇಡೀ ಕಡಲೆ, ಶೇಂಗಾ, ಬಟಾಣಿ ಕೊಡಬೇಡಿ, ಕೊಡಲೇಬೇಕೆಂದರೆ ಅರೆದು ಕೊಡಿ, ಓಡಾಡಿಸುತ್ತ ನಗಿಸುತ್ತ ತಿನ್ನಿಸಬೇಡಿ ಎಂದೂ ಹೇಳುತ್ತೇನೆ. ಕೆಲವರು ನಮ್ಮ ಕಾಲದಲ್ಲಿ ನಾವು ತಿನ್ನಲಿಲ್ಲವೇ ಎಂದು ನಗುತ್ತಾರೆ. ನಗಲಿ.

ಮೂರು ವಾರದ ಮೇಲೆ ಆ ತಾಯಿ ಮಗುವನ್ನು ಎತ್ತಿಕೊಂಡು ಮರುಪರೀಕ್ಷೆಗೆ ಬಂದಳು. ಅಜ್ಜಿ ಕಾರಿಡಾರಿನಲ್ಲೇ ಕೂತಿದ್ದರು. ಬಾತಿಯವರಿಗೆ ಏನು ಹೇಳಿದಿರಿ ಎಂದು ಕೇಳಿದೆ. ಮನೆಯಲ್ಲೇ ಶೇಂಗಾ ತಿಂದಿದ್ದಳು ಎಂದು ಹೇಳಿದ್ದೇನೆ, ಆ ಕೂಸಿನದು ಏನು ತಪ್ಪು ಎಂದಳು. ಉಸಿರು ಎಳೆದಾಗ ಒಂದು, ಬಿಟ್ಟಾಗ ಒಂದು ತೆಗೆಯಲು ಡಾಕ್ಟರೇ ಬರೆದಿದ್ದರು, ತೆಗೆದೆ. ಎರಡೂ ಕಡೆ ಸಮನಾಗಿ ಅರಳಿದ್ದವು, ಸಮನಾಗಿ ಕುಗ್ಗಿದ್ದವು. ಎಲ್ಲ ಸರಿಯಾಗಿದೆ, ಡಾಕ್ಟರ ಹತ್ತಿರ ಹೋಗಿ ಎಂದೆ. ಅವಳು ಕದಲಲಿಲ್ಲ.

“ಒಗೆದದ್ದೂ ತೋರಿಸ್ರಿ.”

ಇವತ್ತು ಏನೂ ಒಗೆದಿಲ್ಲ ಎಂದೆ. ಅವಳು ಪರದೆಯ ಮುಂದೆ ಹಾಗೇ ನಿಂತಿದ್ದಳು. ನಾನು ರಿಜೆಕ್ಟ್ ಆದವುಗಳ ಪಟ್ಟಿ ತೆರೆದೆ. ಇವತ್ತಿನ ತಾರೀಕಿನ ಪುಟ ಖಾಲಿ ಇತ್ತು. ತಾರೀಕು ಯಾವುದು ಎಂದು ಕೇಳಿದಳು, ಬೆರಳಿಟ್ಟು ತೋರಿಸಿದೆ. ಬಗ್ಗಿ ತಾನೇ ಓದಿ ನೋಡಿದಳು. ಆಮೇಲೆ ಮಗುವಿಗೆ ಅಂಗಿ ತೊಡಿಸಿ ಎತ್ತಿಕೊಂಡಳು.

“ನಿಮ್ಮ ಮ್ಯಾಲಿನ ಸಿಟ್ಟು ಹೋಗಿಲ್ಲ ನಂದು, ಅಕ್ಕಾರೆ.”

“ಹೋಗೋದು ಬ್ಯಾಡ ಬಿಡ್ರಿ” ಎಂದೆ.